ಡಯಟ್ ಹೆಸರಿನಲ್ಲಿ ಸೊರಗಿದ ಮಕ್ಕಳಿಗೆ ಊಟ ಹೆಚ್ಚಿಸುವ ಕ್ರಮ

ತೆಳ್ಳಗಾಗಬೇಕೆಂಬ ಹಂಬಲದಿಂದ ಊಟ ಬಿಡುವ ಮಕ್ಕಳು ಇಂದು ಮಹಾನಗರದ ಶಾಲೆಗಳಲ್ಲಿ ಮಾತ್ರ ಇದ್ದಾರೆಂದು ಭಾವಿಸಬೇಕಿಲ್ಲ. ಸೇಲಂ, ಧರ್ಮಪುರಿ ಜಿಲ್ಲೆಗಳ ಕನ್ನಡ ಮನೆಗಳಲ್ಲಿಯೂ ಒಂಬತ್ತನೆಯ ತರಗತಿ ದಾಟಿದ ಹೆಣ್ಣುಮಕ್ಕಳು ಬೆಳಗಿನ ತಿಂಡಿಯನ್ನು ಕೈಬಿಡುವುದನ್ನೂ, ಗಂಡುಮಕ್ಕಳು ಮೊಬೈಲಿನ ವಿಡಿಯೊ ನೋಡಿ ಅನ್ನ, ಮುದ್ದೆಗಳನ್ನು ತೊರೆಯುವುದನ್ನೂ ನಾವು ಶಿಕ್ಷಕರು ಕಾಣುತ್ತಿದ್ದೇವೆ. ಕೆಲವು ವಾರಗಳ ಬಳಿಕ ತಲೆಸುತ್ತು, ಕೈಕಾಲು ತಣ್ಣಗಾಗುವುದು, ಕೂದಲು ಉದುರುವುದು, ಮಲಬದ್ಧತೆ, ಮುಟ್ಟು ಏರುಪೇರಾಗುವುದು, ಸಣ್ಣ ಮಾತಿಗೂ ಸಿಡುಕುವುದು ಒಂದೊಂದಾಗಿ ಬರುತ್ತವೆ. ಆಗ ಮನೆಯವರು ಗಾಬರಿಯಿಂದ ತಟ್ಟೆ ತುಂಬ ಬಡಿಸುತ್ತಾರೆ; ಮಗು ಎರಡು ತುತ್ತಿಗೇ ಹೊಟ್ಟೆ ಉಬ್ಬರಿಸಿತೆಂದು ಎದ್ದುಹೋಗುತ್ತದೆ. ಇಂಥ ಮನೆಗಳಿಗೆ ಬೇಕಾದುದು ಗದರಿಕೆಯಲ್ಲ, ಒಂದು ಕ್ರಮ. ಆ ಕ್ರಮವನ್ನು ಇಲ್ಲಿ ವಿವರಿಸುತ್ತೇವೆ.

ಮೊದಲು ಲೆಕ್ಕ. ಆಹಾರದಿಂದ ದೊರೆಯುವ ಶಕ್ತಿಯ ಅಳತೆಯೇ ಕ್ಯಾಲೊರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಪಟ್ಟಿಯಂತೆ 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ ಸುಮಾರು 2400, ಅದೇ ವಯಸ್ಸಿನ ಹುಡುಗನಿಗೆ 2860 ಕ್ಯಾಲೊರಿ ಬೇಕು. 16ರಿಂದ 18ರ ವಯಸ್ಸಿನಲ್ಲಿ ಇದು ಕ್ರಮವಾಗಿ 2500 ಮತ್ತು 3320ಕ್ಕೆ ಏರುತ್ತದೆ. ಸಾಧಾರಣ ದುಡಿಮೆಯ ವಯಸ್ಕ ಮಹಿಳೆಗೆ 2130. ಇವು ಸರಾಸರಿ ಸಂಖ್ಯೆಗಳು. ಮಗುವಿನ ತೂಕ, ಓಡಾಟಗಳಿಗೆ ತಕ್ಕಂತೆ ತುಸು ಹೆಚ್ಚುಕಡಿಮೆಯಾಗುತ್ತವೆ. ಆದರೆ ಒಂದು ಸಂಗತಿಯನ್ನು ಗಮನಿಸಬೇಕು: ಬೆಳೆಯುವ ಹುಡುಗಿಗೆ ಆಕೆಯ ತಾಯಿಗಿಂತ ಹೆಚ್ಚು ಆಹಾರ ಬೇಕು. ಮೊಬೈಲಿನಲ್ಲಿ ಹರಿದಾಡುವ ‘ದಿನಕ್ಕೆ 1200 ಕ್ಯಾಲೊರಿ’ ಎಂಬ ಸೂತ್ರವು ಆಕೆಯ ಅಗತ್ಯದ ಅರ್ಧದಷ್ಟು ಮಾತ್ರ.

ಈ 1200 ಎಂಬ ಸಂಖ್ಯೆಯ ಭಾರ ಅರಿಯಲು ನಮ್ಮ ನೆಲದ ಚರಿತ್ರೆಯೇ ಸಾಕು. 1876–78ರ ಮಹಾಕ್ಷಾಮವನ್ನು ಕನ್ನಡಿಗರು ಧಾತು ಈಶ್ವರ ಬರವೆಂದೂ ತಮಿಳರು ತಾದು ವರುಷದ ಪಂಜವೆಂದೂ ಕರೆದರು. ಇಂದಿನ ಧರ್ಮಪುರಿ, ಕೃಷ್ಣಗಿರಿಗಳನ್ನೂ ಒಳಗೊಂಡಿದ್ದ ಅಂದಿನ ಸೇಲಂ ಜಿಲ್ಲೆಯ ಜನಸಂಖ್ಯೆ 1871ರಲ್ಲಿ ಸುಮಾರು 19.67 ಲಕ್ಷವಿದ್ದುದು 1881ರ ಗಣತಿಯಲ್ಲಿ 16 ಲಕ್ಷಕ್ಕೆ ಕುಸಿಯಿತು. ಬರ ಪರಿಹಾರದ ಕಾಮಗಾರಿಯಲ್ಲಿ ಕಲ್ಲು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಜೊತೆಗೆ ಒಂದಾಣೆ ಸಾಕೆಂದು ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ನಿಗದಿಮಾಡಿದರು. ಮದರಾಸಿನ ನೈರ್ಮಲ್ಯ ಆಯುಕ್ತರಾಗಿದ್ದ ಡಾ. ಕಾರ್ನಿಷ್ ಇದು ದುಡಿಯುವ ದೇಹಕ್ಕೆ ಸಾಲದೆಂದು ಬಲವಾಗಿ ವಿರೋಧಿಸಿದರು. ಕೆಲವು ತಿಂಗಳಲ್ಲಿ ಕೂಲಿ ಏರಿಸಬೇಕಾಯಿತು. ಒಂದು ಪೌಂಡು ಎಂದರೆ ಸುಮಾರು 450 ಗ್ರಾಂ. ನಮ್ಮ ಲೆಕ್ಕದಲ್ಲಿ ಅದು 1550 ಕ್ಯಾಲೊರಿಯ ಆಸುಪಾಸು. ಬರಗಾಲದ ಆ ಧಾನ್ಯದಷ್ಟೂ ಇಲ್ಲದ ಪ್ರಮಾಣವನ್ನು ನಮ್ಮ ಮಕ್ಕಳು ತಾವಾಗಿಯೇ ಆಯ್ದುಕೊಳ್ಳುತ್ತಿದ್ದಾರೆ.

ಅಮೆರಿಕದ ಮಿನ್ನೆಸೊಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 1944–45ರಲ್ಲಿ 36 ಮಂದಿ ಆರೋಗ್ಯವಂತ ಯುವಕರಿಗೆ, ಅವರ ಒಪ್ಪಿಗೆ ಪಡೆದು, 24 ವಾರಗಳ ಕಾಲ ದಿನಕ್ಕೆ ಸುಮಾರು 1570 ಕ್ಯಾಲೊರಿ ಮಾತ್ರ ಕೊಟ್ಟರು. ಅವರ ತೂಕ ಕಾಲುಭಾಗದಷ್ಟು ಇಳಿಯಿತು. ಅದಕ್ಕಿಂತ ಮುಖ್ಯವಾದುದೆಂದರೆ ಅವರ ಮನಸ್ಸು ಬದಲಾಯಿತು: ಸದಾ ಊಟದ ಯೋಚನೆ, ಚಳಿ, ಮಂಕುತನ, ಗೆಳೆಯರಿಂದ ದೂರ ಸರಿಯುವುದು. ಹಸಿದ ದೇಹ ಒಳಗಿನ ಬೆಂಕಿಯನ್ನು ತಗ್ಗಿಸಿಕೊಂಡು ಉಳಿಯಲು ಹೆಣಗುತ್ತದೆ ಎಂಬುದು ಅಲ್ಲಿ ಕಂಡ ಸತ್ಯ. ಮರಳಿ ಊಟ ಕೊಡುವ ಹಂತದಲ್ಲಿ ಅವರನ್ನು ಗುಂಪುಗಳಾಗಿ ಮಾಡಿ ಬೇರೆ ಬೇರೆ ಪ್ರಮಾಣ ಬಡಿಸಲಾಯಿತು. ಕೆಲವರಿಗೆ ವಿಟಮಿನ್, ಪ್ರೋಟೀನ್ ಪುಡಿಗಳನ್ನೂ ಕೊಡಲಾಯಿತು. ಚೇತರಿಕೆಯನ್ನು ತಂದುದು ಪುಡಿಯಲ್ಲ, ಒಟ್ಟು ಆಹಾರದ ಪ್ರಮಾಣ. ಸಾವಿರಾರು ರೂಪಾಯಿ ಕೊಟ್ಟು ಡಬ್ಬಿ ತರುವ ಪೋಷಕರು ಈ ಒಂದು ಫಲಿತಾಂಶವನ್ನು ನೆನಪಿಡಬೇಕೆಂದು ನಮ್ಮ ವಿನಂತಿ.

ಊಟ ಹೆಚ್ಚಿಸುವ ವೇಗ ಮಗುವಿನ ಸ್ಥಿತಿಯನ್ನು ಅವಲಂಬಿಸುತ್ತದೆ. ಎರಡು ಮೂರು ವಾರ ತಿಂಡಿ ಬಿಟ್ಟು, ತುಸು ಸೊರಗಿದ್ದರೂ ಓಡಾಡಿಕೊಂಡಿರುವ ಮಗು ನೇರವಾಗಿ ಮೂರು ಹೊತ್ತಿನ ಊಟಕ್ಕೆ ಮರಳಬಹುದು. ಅಲ್ಲಿ ಅಳೆದು ತೂಗುವ ಅಗತ್ಯವಿಲ್ಲ. ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿದ್ದ ಮಗುವಿಗೆ ಹೊಟ್ಟೆ ನಿಧಾನವಾಗಿ ಖಾಲಿಯಾಗುವುದರಿಂದ ಮೂರು ನಾಲ್ಕು ದಿನಕ್ಕೊಮ್ಮೆ 200ರಿಂದ 300 ಕ್ಯಾಲೊರಿಯಷ್ಟು ಏರಿಸುತ್ತ ಎರಡು ಮೂರು ವಾರಗಳಲ್ಲಿ ಪೂರ್ಣ ಊಟಕ್ಕೆ ತಲುಪುವುದು ಸುಖಕರ. ತೀರ ಕೃಶರಾದವರ ವಿಷಯ ಬೇರೆ. ಅದು ಮನೆಯ ಕೆಲಸವಲ್ಲ, ವೈದ್ಯರ ಕೆಲಸ. ಅದನ್ನು ಮುಂದೆ ಹೇಳುತ್ತೇವೆ.

200 ಕ್ಯಾಲೊರಿ ಎಂದರೆ ಎಷ್ಟು? ಒಂದು ಹಿಡಿ, ಅಂದರೆ ಸುಮಾರು 30 ಗ್ರಾಂ ಕಡಲೆಕಾಯಿ ಬೀಜ ಮತ್ತು ನೆಲ್ಲಿಕಾಯಿಗಿಂತ ಚಿಕ್ಕದಾದ ಒಂದು ಬೆಲ್ಲದ ತುಂಡು. ಇಷ್ಟೇ. ಧರ್ಮಪುರಿಯ ಸಂತೆಯಲ್ಲಿ ಸಿಗದ ವಸ್ತು ಇದರಲ್ಲಿ ಒಂದೂ ಇಲ್ಲ. ಒಂದು ಚಹಾ ಚಮಚ ಎಣ್ಣೆಯಲ್ಲಿ 45 ಕ್ಯಾಲೊರಿ ಇದೆ. ಇಡ್ಲಿಯ ಜೊತೆಗಿನ ಚಟ್ನಿಪುಡಿಗೆ ಎರಡು ಚಮಚ ಎಳ್ಳೆಣ್ಣೆ ಕಲಸಿದರೆ ಹೊಟ್ಟೆಯಲ್ಲಿ ಜಾಗ ಹಿಡಿಯದೆಯೇ 90 ಕ್ಯಾಲೊರಿ ಸೇರುತ್ತದೆ. ಒಂದು ಲೋಟ ಹಸುವಿನ ಹಾಲಿನಲ್ಲಿ 130ಕ್ಕೂ ಮಿಕ್ಕಿ, ಒಂದು ಮೊಟ್ಟೆಯಲ್ಲಿ ಸುಮಾರು 70. ಬೇಗ ಹೊಟ್ಟೆ ತುಂಬಿತೆನ್ನುವ ಮಗುವಿಗೆ ಪ್ರಮಾಣಕ್ಕಿಂತ ಸಾಂದ್ರತೆ ಮುಖ್ಯ ಎಂಬುದೇ ಇಲ್ಲಿನ ಗುಟ್ಟು. ಸಾರಿನ ಬದಲು ಗಟ್ಟಿ ಹುಳಿ, ಬರಿ ಅನ್ನದ ಬದಲು ತುಪ್ಪ ಬೆರೆಸಿದ ಬೇಳೆಯನ್ನ, ಹಣ್ಣಿನ ರಸದ ಬದಲು ಹಾಲು ಬಾಳೆಹಣ್ಣು.

ರಾಗಿಯ ವಿಷಯದಲ್ಲಿ ಒಂದು ತಪ್ಪು ತಿಳುವಳಿಕೆ ವ್ಯಾಪಕವಾಗಿದೆ. ರಾಗಿ ಪುಷ್ಟಿಕರ, ಆದ್ದರಿಂದ ಅಂಬಲಿ ಕುಡಿದರೆ ಸಾಕು ಎನ್ನುವರು. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ 320ರಷ್ಟು ಕ್ಯಾಲೊರಿಯೂ 360 ಮಿಲಿಗ್ರಾಂ ಮಿಕ್ಕ ಸುಣ್ಣದಂಶವೂ ಇರುವುದು ನಿಜ. ಆದರೆ ಒಂದು ದೊಡ್ಡ ಲೋಟ ಅಂಬಲಿಗೆ ಬೀಳುವ ಹಿಟ್ಟು 25 ಗ್ರಾಂ. ಅದರಿಂದ ಬರುವುದು 80 ಕ್ಯಾಲೊರಿ, ಉಳಿದುದು ನೀರು. ಅದೇ ಹೊಟ್ಟೆಯ ಜಾಗದಲ್ಲಿ ಒಂದು ಮುದ್ದೆ ಹಿಡಿದರೆ ಅದರ ಮೂರು ನಾಲ್ಕು ಪಟ್ಟು ಶಕ್ತಿ ದೊರೆಯುತ್ತದೆ. ಅಂಬಲಿ ಮಾಡುವುದೇ ಆದರೆ ಮಜ್ಜಿಗೆಯಲ್ಲಿ ತೆಳುಮಾಡದೆ ಹಾಲು, ಬೆಲ್ಲ, ಹುರಿದ ಎಳ್ಳಿನ ಪುಡಿ ಹಾಕಿ ಗಟ್ಟಿಯಾಗಿ ಕಾಯಿಸಬೇಕು. ಪಡಿತರದಲ್ಲಿ ಅಕ್ಕಿಯ ಬದಲಿಗೆ ಎರಡು ಕಿಲೊ ರಾಗಿ ಕೊಡುವ ಯೋಜನೆ 2023ರಲ್ಲಿ ನೀಲಗಿರಿ ಮತ್ತು ಧರ್ಮಪುರಿ ಜಿಲ್ಲೆಗಳಲ್ಲಿಯೇ ಮೊದಲಾಯಿತೆಂಬುದನ್ನು ಇಲ್ಲಿ ನೆನೆಯಬಹುದು.

ಸೇಲಂ ಎಂದೊಡನೆ ಸಬ್ಬಕ್ಕಿ. ಮರಗೆಣಸಿನಿಂದ ತೆಗೆಯುವ ಈ ಕಾಳು ಬಹುತೇಕ ಬರಿ ಪಿಷ್ಟ. ನೂರು ಗ್ರಾಮಿಗೆ 350 ಕ್ಯಾಲೊರಿ ಕೊಡುತ್ತದೆ, ಸ್ನಾಯು ಕಟ್ಟುವ ಪ್ರೋಟೀನು ಇಲ್ಲವೆನ್ನುವಷ್ಟು ಕಡಿಮೆ. ಹಾಲು ತುಪ್ಪ ಹಾಕಿ ಪಾಯಸ ಮಾಡಿದರೆ ಸಂಜೆಗೆ ಒಳ್ಳೆಯದು, ಅದೇ ಊಟವಾಗಬಾರದು. ತೂಕದ ಜೊತೆ ಬಲವೂ ಬರಬೇಕಾದರೆ ಅವರೆಕಾಳು, ಹುರುಳಿ, ತೊಗರಿ, ಮೊಟ್ಟೆ, ಮೀನು ಇವುಗಳಲ್ಲಿ ಯಾವುದಾದರೊಂದು ಪ್ರತಿ ಹೊತ್ತಿನಲ್ಲಿಯೂ ಇರಬೇಕು. ಹುರುಳಿಕಟ್ಟಿನ ಸಾರು ಮಾತ್ರ ಮಗುವಿಗೆ ಬಡಿಸಿ ಕಾಳನ್ನು ಬೇರೆಯವರಿಗೆ ಉಳಿಸುವ ರೂಢಿ ಈ ಕಾಲಕ್ಕಾದರೂ ನಿಲ್ಲಲಿ.

ಮೂರು ದೊಡ್ಡ ಊಟಗಳಿಗಿಂತ ಆರು ಸಣ್ಣ ಊಟಗಳು ಆರಂಭದಲ್ಲಿ ಹಗುರ. ಬೆಳಗ್ಗೆ ತಿಂಡಿ, ಹನ್ನೊಂದಕ್ಕೆ ಬೀಜ ಬೆಲ್ಲ, ಮಧ್ಯಾಹ್ನದ ಊಟ, ಶಾಲೆಯಿಂದ ಬಂದೊಡನೆ ದೋಸೆ ಅಥವಾ ಅವಲಕ್ಕಿ, ರಾತ್ರಿಯೂಟ, ಮಲಗುವ ಮುನ್ನ ಹಾಲು. ಊಟಕ್ಕೆ ಮುನ್ನ ನೀರು, ಕಾಫಿ, ಚಹಾ ಬೇಡ. ಹೊಟ್ಟೆ ಸುಳ್ಳು ತೃಪ್ತಿ ಹೊಂದುತ್ತದೆ, ಚಹಾವಂತೂ ಕಬ್ಬಿಣದಂಶ ಹೀರಿಕೊಳ್ಳುವುದನ್ನೂ ತಡೆಯುತ್ತದೆ. ಹಸಿವಾದಾಗ ತಿಂದರಾಯಿತೆಂದು ಕಾಯಬಾರದು. ಬಹುಕಾಲ ಅದುಮಿಟ್ಟ ಹಸಿವು ಕರೆದೊಡನೆ ಬಾರದು, ಗಡಿಯಾರ ನೋಡಿಯೇ ತಟ್ಟೆ ಇಡಬೇಕು. ಕೆಲವರಲ್ಲಿ ಇದಕ್ಕೆ ವಿರುದ್ಧವಾಗಿ ಭಾರೀ ಹಸಿವು ಕೆರಳುತ್ತದೆ. ಮಿನ್ನೆಸೊಟಾದ ಯುವಕರಿಗೂ ತಿಂಗಳುಗಟ್ಟಲೆ ಹಾಗಾಗಿತ್ತು. ಅದು ಹೊಟ್ಟೆಬಾಕತನವಲ್ಲ, ಸಾಲ ತೀರಿಸಿಕೊಳ್ಳುತ್ತಿರುವ ದೇಹ. ಅಂಥ ಮಗುವನ್ನು ನೆಂಟರ ಮುಂದೆ ಹಂಗಿಸುವುದು ಕ್ರೌರ್ಯ.

ಮೊದಲ ವಾರದಲ್ಲಿಯೇ ಒಂದೆರಡು ಕಿಲೊ ತೂಕ ಏರಬಹುದು. ಅಲ್ಲಿ ಮಗು ಹೆದರಿ ಮತ್ತೆ ಊಟ ಬಿಡುತ್ತದೆ. ಹೆಚ್ಚಿನ ಪ್ರಯತ್ನಗಳು ಮುರಿದುಬೀಳುವುದು ಇಲ್ಲಿಯೇ. ಆ ತೂಕ ಬಹುಪಾಲು ಕೊಬ್ಬಲ್ಲ. ದೇಹ ಸಕ್ಕರೆಯಂಶವನ್ನು ಗ್ಲೈಕೊಜೆನ್ ರೂಪದಲ್ಲಿ ಕೂಡಿಡುವಾಗ ಪ್ರತಿ ಗ್ರಾಮಿನೊಂದಿಗೆ ಸುಮಾರು ಮೂರು ಗ್ರಾಂ ನೀರನ್ನೂ ಹಿಡಿದಿಡುತ್ತದೆ. ತೂಕದ ಯಂತ್ರವನ್ನು ಕೆಲವು ಕಾಲ ಅಟ್ಟಕ್ಕೆ ಹಾಕುವುದು ಮೇಲು. ದೊಡ್ಡವರ ಬಿಎಂಐ ಪಟ್ಟಿಯನ್ನು ಹದಿನೆಂಟರೊಳಗಿನವರಿಗೆ ಹಚ್ಚಬಾರದು. ಅವರಿಗೆ ವಯಸ್ಸಿಗೆ ತಕ್ಕ ಬೇರೆ ಪಟ್ಟಿ ಇದೆ, ಅದನ್ನು ವೈದ್ಯರು ನೋಡುವರು. ಈ ಲೇಖನದ ಸಂಖ್ಯೆಗಳು ಕೂಡ ಅಡುಗೆ ಮಾಡುವವರಿಗಾಗಿ. ಮಗುವಿನ ಕೈಗೆ ಲೆಕ್ಕದ ಪುಸ್ತಕ ಕೊಡಬೇಡಿ. ಸಕ್ಕರೆ ಕಾಯಿಲೆಯಂಥ ತೊಂದರೆ ಮೊದಲೇ ಇರುವ ಮಕ್ಕಳಿಗೆ ಈ ಕ್ರಮವನ್ನು ವೈದ್ಯರನ್ನು ಕೇಳದೆ ಆರಂಭಿಸಬಾರದು.

ಉಪವಾಸದ ನಂತರ ಮೆಲ್ಲಗೆ ಉಣ್ಣಬೇಕೆಂಬುದು ನಮ್ಮ ಹಿರಿಯರಿಗೆ ಹೊಸತಲ್ಲ. ಏಕಾದಶಿಯ ಮರುದಿನದ ಪಾರಣೆಗೆ ಒಂದು ರೀತಿಯಿದೆ. ಆಯುರ್ವೇದದಲ್ಲಿ ಶೋಧನ ಚಿಕಿತ್ಸೆಯ ನಂತರ ಮೊದಲು ಪೇಯ, ಬಳಿಕ ವಿಲೇಪಿ, ಆಮೇಲೆ ಯೂಷ ಎಂದು ತೆಳುಗಂಜಿಯಿಂದ ಗಟ್ಟಿ ಅನ್ನದವರೆಗೆ ಏರುವ ಸಂಸರ್ಜನ ಕ್ರಮವನ್ನು ಹೇಳಿದೆ. ಅದರ ಹಿಂದಿನ ಎಚ್ಚರಿಕೆಯನ್ನು ಆಧುನಿಕ ವೈದ್ಯವೂ ತನ್ನದೇ ಭಾಷೆಯಲ್ಲಿ ಹೇಳುತ್ತದೆ. ತೀರ ಬಳಲಿದ ದೇಹಕ್ಕೆ ಏಕಾಏಕಿ ಪಿಷ್ಟದ ಊಟ ಬಿದ್ದಾಗ ಇನ್ಸುಲಿನ್ ಉಕ್ಕಿ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂಗಳನ್ನು ಜೀವಕೋಶಗಳೊಳಗೆ ತಳ್ಳುತ್ತದೆ. ರಕ್ತದಲ್ಲಿ ಅವು ಕುಸಿದು ಮೊದಲ ಕೆಲವು ದಿನಗಳಲ್ಲೇ ಹೃದಯದ ಲಯ ತಪ್ಪಬಹುದು. ಎರಡನೆಯ ಮಹಾಯುದ್ಧದ ಸೆರೆಶಿಬಿರಗಳಿಂದ ಬಿಡುಗಡೆಯಾದವರಲ್ಲಿ ಹೊಟ್ಟೆತುಂಬ ಉಂಡ ಮೇಲೆ ಸತ್ತವರಿದ್ದಾರೆ. ಆದ್ದರಿಂದ ಐದಾರು ದಿನ ಬಹುತೇಕ ಏನನ್ನೂ ತಿನ್ನದ ಮಗು, ಮೂರರಿಂದ ಆರು ತಿಂಗಳಲ್ಲಿ ತೂಕದ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಕಳೆದುಕೊಂಡ ಮಗು, ಮೂರ್ಛೆ ಹೋಗುವ, ಎದೆ ಡವಗುಟ್ಟುವ, ಕಾಲು ಊದಿಕೊಂಡ, ಮೂರು ತಿಂಗಳಿಂದ ಮುಟ್ಟಾಗದ, ಉಂಡುದನ್ನು ಬೆರಳು ಹಾಕಿ ಕಕ್ಕುವ ಮಗುವನ್ನು ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿ ರಕ್ತಪರೀಕ್ಷೆ ಮಾಡಿ, ಥಯಾಮಿನ್ ಕೊಟ್ಟು, ನಂತರ ಊಟ ಏರಿಸುವರು. ಸೇಲಂ ಮತ್ತು ಧರ್ಮಪುರಿ ಎರಡೂ ಪಟ್ಟಣಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ.

ಶಾಲೆಯ ಪಾತ್ರದ ಬಗ್ಗೆಯೂ ಒಂದು ಮಾತು. 1982ರಲ್ಲಿ ವಿಸ್ತಾರಗೊಂಡ ಮಧ್ಯಾಹ್ನದ ಊಟ ಈಗ ಹತ್ತನೆಯ ತರಗತಿಯವರೆಗೆ ಇದೆ, ಮೊಟ್ಟೆಯೂ ಇದೆ. 2022ರ ಸೆಪ್ಟೆಂಬರಿನಲ್ಲಿ ಆರಂಭವಾದ ಮುಖ್ಯಮಂತ್ರಿಗಳ ಉಪಾಹಾರ ಯೋಜನೆ ಐದನೆಯ ತರಗತಿಯವರೆಗಿನ ಮಕ್ಕಳದು. ಅಂದರೆ ದೇಹಕ್ಕೆ ಅತಿ ಹೆಚ್ಚು ಶಕ್ತಿ ಬೇಕಾದ 16–18ರ ವಯಸ್ಸಿನಲ್ಲಿ, ಡಯಟ್ ಹುಚ್ಚೂ ಹೆಚ್ಚಿರುವ ಹನ್ನೊಂದು ಹನ್ನೆರಡನೆಯ ತರಗತಿಗಳಲ್ಲಿ, ಶಾಲೆಯ ತಟ್ಟೆ ಇಲ್ಲ. ಈ ಎರಡು ವರ್ಷಗಳ ಬುತ್ತಿಯ ಹೊಣೆ ಪೂರ್ತಿಯಾಗಿ ಮನೆಯದೇ. ಚಿಕ್ಕ ತರಗತಿಯವರಾದರೆ ಮಗು ಮಧ್ಯಾಹ್ನ ಪಂಕ್ತಿಯಲ್ಲಿ ಕುಳಿತಿತೇ, ತಟ್ಟೆ ಖಾಲಿ ಮಾಡಿತೇ ಎಂದು ತರಗತಿಯ ಶಿಕ್ಷಕರನ್ನು ಸಂಕೋಚವಿಲ್ಲದೆ ಕೇಳಿರಿ.

ಕೊನೆಯದಾಗಿ, ನಮ್ಮ ಜಿಲ್ಲೆಗಳ ಕನ್ನಡ ಕುಟುಂಬಗಳಿಗೆ ಇರುವ ವಿಶೇಷ ತೊಡಕು ಭಾಷೆಯದು. ಬೀದಿಯ ತಮಿಳು ಬಂದರೂ ಆಸ್ಪತ್ರೆಯ ತಮಿಳು ಎಲ್ಲರಿಗೂ ಬಾರದು. ತಲೆಸುತ್ತಿ ಬೀಳುವಂತಾಗುವುದನ್ನು ‘ಮಯಕ್ಕಂ’ ಎನ್ನುವರು. ಎದೆಬಡಿತ ‘ಪಡಪಡಪ್ಪು’, ಊತ ‘ವೀಕ್ಕಂ’, ಮುಟ್ಟು ‘ಮಾದವಿಲಕ್ಕು’, ತೂಕ ‘ಎಡೈ’. ಇಷ್ಟನ್ನು ಬರೆದುಕೊಂಡು ಹೋಗಿ. ಎಷ್ಟು ತಿಂಗಳಿಂದ ಊಟ ಕಡಿಮೆ, ಎಷ್ಟು ಕಿಲೊ ಇಳಿದಿದೆ ಎಂಬುದನ್ನೂ ಚೀಟಿಯಲ್ಲಿ ಬರೆಯಿರಿ. ಊಟದ ಮಾತೆತ್ತಿದರೆ ಅಳುವ, ಕನ್ನಡಿಯ ಮುಂದೆ ತನ್ನನ್ನೇ ಹಳಿದುಕೊಳ್ಳುವ ಮಗುವಿಗೆ ಮನಸ್ಸಿನ ನೆರವೂ ಬೇಕಾಗುತ್ತದೆ. 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆಮಾಡಬಹುದು. ಭಾಷೆಯ ಆಯ್ಕೆಯಲ್ಲಿ ಕನ್ನಡವೂ ಇದೆ.