ಖಾಸಗಿ ಆಂಬುಲೆನ್ಸ್ ನಿಯಂತ್ರಣ (ರಾಮನಗರ ಸೀಮೆ)

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿಯಲ್ಲಿ ಬಾಡಿಗೆಗೆ ಓಡುವ ಖಾಸಗಿ ಆಂಬುಲೆನ್ಸ್‌ಗಳ ಹತೋಟಿ ಯಾವುದೇ ಒಂದು ಕಚೇರಿಯ ಕೈಯಲ್ಲಿಲ್ಲ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ಜಿಲ್ಲೆಯಾದ ಈ ಸೀಮೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಿಡಲಾಯಿತು. ಗಂಭೀರ ಸ್ಥಿತಿಯ ರೋಗಿಗಳನ್ನು ಇಲ್ಲಿಂದ ಬೆಂಗಳೂರಿನ ನಿಮ್ಹಾನ್ಸ್, ಜಯದೇವ ಅಥವಾ ವಿಕ್ಟೋರಿಯಾ ಆಸ್ಪತ್ರೆಗೆ ಸಾಗಿಸಬೇಕು. ಸುಮಾರು ಐವತ್ತು, ಅರವತ್ತು ಕಿ.ಮೀ. ದಾರಿ. 2008ರ ನವೆಂಬರ್‌ನಲ್ಲಿ ಆರಂಭವಾದ 108 ಆರೋಗ್ಯ ಕವಚ ಆಂಬುಲೆನ್ಸ್ ಸೇವೆ ಉಚಿತ. ಅದು ಸಿಗದಾಗ ಜನ ಆಸ್ಪತ್ರೆ ಗೇಟಿನ ಬಳಿ ನಿಂತ ಖಾಸಗಿ ವ್ಯಾನಿನತ್ತ ಹೊರಳುತ್ತಾರೆ.

ವಾಹನದ ನೋಂದಣಿ, ಅರ್ಹತಾ ಪತ್ರ ಸಾರಿಗೆ ಕಚೇರಿಯ (ಕೆಎ–42) ಕೆಲಸ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 66ನೇ ಕಲಂ ಆಂಬುಲೆನ್ಸ್‌ಗೆ ಪರ್ಮಿಟ್‌ನಿಂದ ವಿನಾಯಿತಿ ಕೊಟ್ಟಿದೆ. ಆಟೊ, ಬಸ್ಸುಗಳಂತೆ ಪರ್ಮಿಟ್ ಷರತ್ತು ಹಾಕಿ ಬಿಗಿ ಮಾಡುವ ದಾರಿ ಇದರಿಂದ ಮುಚ್ಚಿದೆ. ಹತೋಟಿಯ ಗೊಂದಲದ ಬೇರು ಇಲ್ಲೇ ಇದೆ. ಇನ್ನು ವಾಹನ ರಚನೆಯ ಎಐಎಸ್–125 ಮಾನದಂಡವು ಆಂಬುಲೆನ್ಸ್‌ಗಳನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸುತ್ತದೆ: ಬಿ ರೋಗಿಯನ್ನು ಸಾಗಿಸಲು ಮಾತ್ರ, ಡಿಯಲ್ಲಿ ವೆಂಟಿಲೇಟರ್ ಸಹಿತ ಉನ್ನತ ಜೀವರಕ್ಷಕ ಸೌಲಭ್ಯ. ಹೊರಗಿನಿಂದ ಎರಡೂ ಒಂದೇ ಬಿಳಿ ಬಣ್ಣ, ಒಂದೇ ಸೈರನ್. ಗಾಬರಿಯಲ್ಲಿರುವ ಮನೆಯವರಿಗೆ ವ್ಯತ್ಯಾಸ ತಿಳಿಯುವುದು ಕಷ್ಟ.

ಬಾಡಿಗೆಗೆ ಕಡಿವಾಣ ಬಿದ್ದದ್ದು ಕೋವಿಡ್ ಕಾಲದಲ್ಲಿ. 2021ರಲ್ಲಿ ರಾಜ್ಯ ಸರ್ಕಾರ ಕಿಲೊಮೀಟರ್ ಲೆಕ್ಕದಲ್ಲಿ ದರ ನಿಗದಿ ಮಾಡಿತು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಇಂಥ ಆದೇಶ ಜಾರಿಗೊಳಿಸಬಲ್ಲ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿಯೇ. ರಾಮನಗರ, ಚನ್ನಪಟ್ಟಣ, ಕನಕಪುರದ ನಗರಸಭೆಗಳ ಮತ್ತು ಮಾಗಡಿ ಪುರಸಭೆಯ ಪಾತ್ರ ಕಿರಿದು. ಹೆಚ್ಚೆಂದರೆ ವಾಹನ ನಿಲ್ಲುವ ಜಾಗದ ವ್ಯವಸ್ಥೆ.