ಹದಿನೆಂಟು ದಿನದ ಯುದ್ಧ, ಒಂದು ರಾತ್ರಿಯ ಆಟ

ಹಳೆಯ ನಾಟಕದ ಕರಪತ್ರ ಹುಡುಕಿಕೊಂಡು ಗುಡೇಮಾರನಹಳ್ಳಿಯ ಒಂದು ಮನೆಗೆ ಹೋಗಿದ್ದೆವು. ತಾತ ಟ್ರಂಕು ತೆಗೆದು ಕಾಗದಗಳನ್ನು ಹರಡುತ್ತಿದ್ದರು. ಪಕ್ಕದಲ್ಲಿ ರಜೆಗೆ ಬಂದಿದ್ದ ಮೊಮ್ಮಗ ಲ್ಯಾಪ್‌ಟಾಪಿನಲ್ಲಿ 'ದಿ ವಿಚರ್ 3' ಆಡುತ್ತಿದ್ದ. ಬೆನ್ನಿಗೆ ಎರಡು ಕತ್ತಿ ಕಟ್ಟಿಕೊಂಡ ವೀರ, ಕಾಡು, ರಾಕ್ಷಸರು. 2015ರಲ್ಲಿ ಬಂದ ಗೇಮ್ ಅದು.

“ಮೂರು ದಿನದಿಂದ ನೋಡ್ತಾ ಇವ್ನಿ, ಯಾವಾಗ್ಲಾ ಮುಗಿಯೋದು ಅದು?” ಅಂದರು ತಾತ.

“ಬರೀ ಕತೆ ಆಡಿದ್ರೆ ಐವತ್ತು ಗಂಟೆ ತಾತ. ಎಲ್ಲಾ ಆಡಿದ್ರೆ ನೂರೈವತ್ತು ದಾಟುತ್ತೆ.”

ತಾತ ನಕ್ಕರು. “ನಾವು ಹದಿನೆಂಟು ದಿನದ ಯುದ್ಧಾನ ಒಂದೇ ರಾತ್ರೀಲಿ ಮುಗಿಸ್ತಿದ್ವಿ ಕನ್ಲಾ.”

ತಾತ ಹೇಳಿದ್ದು 'ಕುರುಕ್ಷೇತ್ರ' ನಾಟಕದ ಮಾತು. ನಮ್ಮ ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರದ ಕಡೆ ಇದನ್ನು ನೋಡದ ಊರು ಕಡಿಮೆ. ಪಕ್ಕದ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿ, ಮುಂದೆ ಗುಬ್ಬಿ ವೀರಣ್ಣನವರ ಕಾಲದಲ್ಲಿ, 1934ರಲ್ಲಿ, ನಿಜವಾದ ಆನೆ ಕುದುರೆಗಳನ್ನೇ ತಂದು 'ಕುರುಕ್ಷೇತ್ರ' ಆಡಿತು. ಕಂಪನಿ ನಾಟಕದ ಹಾಡು, ಮಟ್ಟು, ಪರದೆ ಎಲ್ಲ ಹಳ್ಳಿಗೂ ಬಂದವು. ಹಳ್ಳಿಯವರು ನೋಡಿ ಸುಮ್ಮನಾಗಲಿಲ್ಲ, ತಾವೇ ಬಣ್ಣ ಹಚ್ಚಿದರು.

ಹಚ್ಚಿದ್ದು ಕೈಯಿಂದ ದುಡ್ಡು ಹಾಕಿ. ದುರ್ಯೋಧನ, ಕೃಷ್ಣ, ಭೀಮನ ಪಾತ್ರಕ್ಕೆ ಹೆಚ್ಚು, ಚಿಕ್ಕ ಪಾತ್ರಕ್ಕೆ ಕಡಿಮೆ. ಆಸೆ ಪಟ್ಟವರು ಜಾಸ್ತಿಯಾದರೆ ಒಂದೇ ಪಾತ್ರವನ್ನು ಹಂಚುತ್ತಿದ್ದರು. ಒಂದನೇ ಕೃಷ್ಣ, ಎರಡನೇ ಕೃಷ್ಣ ಅಂತ ಕರಪತ್ರದಲ್ಲೇ ಅಚ್ಚಾಗಿರುತ್ತದೆ. ಹಾರ್ಮೋನಿಯಂ ಮೇಷ್ಟ್ರು ಬಂದು ಹಾಡು ಕಲಿಸಬೇಕು, ದ್ರೌಪದಿ ಕುಂತಿಯರ ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸಬೇಕು, ಸೀನರಿ ಬಾಡಿಗೆಗೆ ತರಬೇಕು.

ಕರಪತ್ರದಲ್ಲಿ 'ರಾತ್ರಿ 8-30ಕ್ಕೆ ಸರಿಯಾಗಿ' ಅಂತಿತ್ತು. “ಒಂಬತ್ತಕ್ಕೆ ಮುಂಚೆ ಪರದೆ ಎದ್ದಿದ್ದು ನಾ ಕಾಣೆ” ಅಂದರು ತಾತ. ದುರ್ಯೋಧನನ ತೊಡೆ ಮುರಿಯುವ ಹೊತ್ತಿಗೆ ಬೆಳಗಿನ ಆರು. ಅಂದರೆ ಒಂಬತ್ತು ಗಂಟೆ. ಯಾಕೆ ಅಷ್ಟು ಹೊತ್ತು ಅಂತ ಕೇಳಿದೆವು. “ಸುತ್ತಲ ಊರೋರು ನಡ್ಕೊಂಡೋ ಗಾಡಿ ಕಟ್ಕೊಂಡೋ ಬಂದಿರ್ತಿದ್ರು. ನಡುರಾತ್ರೀಲಿ ನಿಲ್ಸಿದ್ರೆ ಕತ್ತಲಲ್ಲಿ ಎಲ್ಲಿಗೆ ಹೋಗ್ತಾರೆ?”

ದೊಡ್ಡ ಕತೆ ಎಷ್ಟು ಉದ್ದ ಇರಬೇಕು ಅನ್ನುವುದನ್ನು ಕತೆಯೊಂದೇ ತೀರ್ಮಾನಿಸುವುದಿಲ್ಲ. ಎಲ್ಲಿ ನಿಲ್ಲಿಸಬಹುದು ಅನ್ನುವುದೂ ತೀರ್ಮಾನಿಸುತ್ತದೆ. ಮಹಾಭಾರತವನ್ನೇ ನೋಡಿ. ಕುಮಾರವ್ಯಾಸ ಹತ್ತು ಪರ್ವಗಳನ್ನು ಎಂಟು ಸಾವಿರಕ್ಕೂ ಹೆಚ್ಚು ಷಟ್ಪದಿಗಳಲ್ಲಿ ಬರೆದ. ಗಮಕಿಗಳು ದಿನಕ್ಕಿಷ್ಟು ಅಂತ ಓದಿದರು. ಅದೇ ಕತೆ ದೂರದರ್ಶನದಲ್ಲಿ 1988ರಿಂದ 1990ರವರೆಗೆ 94 ಕಂತು, ವಾರ ವಾರ ಭಾನುವಾರ ಬಂತು. ಮಲೆ ಮಹದೇಶ್ವರ ಕಾವ್ಯ ಹಾಡುವವರು ಕತೆಯನ್ನು ಸಾಲುಗಳಾಗಿ ಕಟ್ಟಿಕೊಂಡಿದ್ದಾರೆ. ಸಂಕಮ್ಮನ ಸಾಲು ಇವತ್ತು, ಇನ್ನೊಂದು ಸಾಲು ನಾಳೆ. ಕಾವ್ಯ ಪೂರ್ತಿ ಮುಗಿಯಲು ಹಲವು ರಾತ್ರಿ ಬೇಕು.

ಗೇಮುಗಳ ಚರಿತ್ರೆಯೂ ಇದೇ ದಾರಿ. 1974ರಲ್ಲಿ ಅಮೆರಿಕದಲ್ಲಿ 'ಡಂಜನ್ಸ್ ಅಂಡ್ ಡ್ರಾಗನ್ಸ್' ಬಂತು. ಸ್ನೇಹಿತರು ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು ಆಡುವ ಆಟ. 1986ರಲ್ಲಿ ಜಪಾನಿನ 'ಡ್ರಾಗನ್ ಕ್ವೆಸ್ಟ್' ಬಂದಾಗ ಆಟವನ್ನು ಅಲ್ಲಿಗೇ ಉಳಿಸಿಡುವ ವ್ಯವಸ್ಥೆ ಅದರಲ್ಲಿರಲಿಲ್ಲ. ಉದ್ದನೆಯ ಗುಪ್ತಪದ ಕೊಡುತ್ತಿತ್ತು, ಮಕ್ಕಳು ಕಾಗದದಲ್ಲಿ ಬರೆದುಕೊಳ್ಳಬೇಕು. ಒಂದಕ್ಷರ ತಪ್ಪಿದರೂ ಅದುವರೆಗೆ ಆಡಿದ್ದು ಸಿಗುತ್ತಿರಲಿಲ್ಲ. ಮರುವರ್ಷದ 'ಫೈನಲ್ ಫ್ಯಾಂಟಸಿ'ಯಲ್ಲಿ ಕ್ಯಾಸೆಟ್ಟಿನೊಳಗೇ ಚಿಕ್ಕ ಬ್ಯಾಟರಿ ಇತ್ತು, ಎಲ್ಲಿಗೆ ಬಂದಿದ್ದೀರಿ ಅನ್ನುವುದನ್ನು ಅದು ನೆನಪಿಟ್ಟುಕೊಳ್ಳುತ್ತಿತ್ತು. ಇವತ್ತು ನಿಲ್ಲಿಸಿ ನಾಳೆ ಮುಂದುವರಿಸುವುದು ಸುಲಭವಾದ ಮೇಲೆ ಕತೆಗಳು ಐವತ್ತು, ನೂರು ಗಂಟೆಗೆ ಬೆಳೆದವು.

2020ರಲ್ಲಿ ಬಂದ 'ಗೆನ್‌ಶಿನ್ ಇಂಪ್ಯಾಕ್ಟ್' ಇನ್ನೂ ಮುಂದೆ ಹೋಯಿತು. ಫೋನಿನಲ್ಲೇ ಪುಕ್ಕಟೆಯಾಗಿ ಆಡಬಹುದು. ಸುಮಾರು ಆರು ವಾರಕ್ಕೊಮ್ಮೆ ಹೊಸದು ಸೇರುತ್ತಲೇ ಇರುತ್ತದೆ. ಪುಕ್ಕಟೆ ಅಂದರೂ ಹೊಸ ಪಾತ್ರಗಳ ಆಸೆಗೆ ದುಡ್ಡು ಹಾಕುವವರಿದ್ದಾರೆ. ಕುರುಕ್ಷೇತ್ರದಲ್ಲೂ ಪಾತ್ರಕ್ಕೆ ದುಡ್ಡು ಕೊಡುತ್ತಿದ್ದರು, ಆದರೆ ಅಲ್ಲಿ ಬೆಳಗಾಗುತ್ತಿತ್ತು.

ನಮ್ಮ ಆಟಗಳು ಮಾತ್ರ ಚಿಕ್ಕದಾಗುತ್ತಿವೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಕರಾವಳಿಯಲ್ಲಿ ಯಕ್ಷಗಾನಕ್ಕೆ 'ಆಟ' ಅಂತಲೇ ಹೆಸರು, ಅಲ್ಲಿನ ಹಲವು ಮೇಳಗಳು ಈಗ ಕಾಲಮಿತಿಗೆ ಬಂದಿವೆ. ಮಗುವಿನ ಪರೀಕ್ಷೆ, ಕಾಯಿಲೆಯವರ ನಿದ್ದೆ ನೆನೆದರೆ ನಿಯಮ ತಪ್ಪು ಅನ್ನಲಾಗದು. ಹಾಗಂತ ಜನಕ್ಕೆ ಕೂರುವ ತಾಳ್ಮೆ ಹೋಗಿದೆ ಅನ್ನುವುದನ್ನೂ ನಾವು ಒಪ್ಪುವುದಿಲ್ಲ. 2010ರಲ್ಲಿ ಮೈಸೂರಿನ ರಂಗಾಯಣ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಒಂಬತ್ತು ಗಂಟೆಯ ನಾಟಕವಾಗಿ ಆಡಿತು. ಜನ ರಾತ್ರಿಯಿಡೀ ಎದ್ದು ಕೂತು ನೋಡಿದರು.

ಹೊರಡುವ ಮುಂಚೆ ನಾವೊಂದು ಲೆಕ್ಕ ಹಾಕಿದೆವು. ಪ್ರಾಕ್ಟೀಸ್ ಎಷ್ಟು ದಿನ? ಮೂರು ತಿಂಗಳು ಅಂದರು ತಾತ. ದಿನಾ ಹೊಲದ ಕೆಲಸ ಮುಗಿಸಿ ಉಂಡು ಎರಡು ಗಂಟೆ. ತೊಂಬತ್ತು ದಿನಕ್ಕೆ ನೂರ ಎಂಬತ್ತು ಗಂಟೆ, ಆಟದ ರಾತ್ರಿ ಒಂಬತ್ತು. ಒಟ್ಟು ನೂರ ಎಂಬತ್ತೊಂಬತ್ತು.

“ನಿಮ್ದು ನನ್ ಗೇಮಿಗಿಂತ ಉದ್ದ ಐತಲ್ಲ ತಾತ!” ಅಂದ ಮೊಮ್ಮಗ.

“ಉದ್ದ ಏನೋ ಐತೆ. ಆದ್ರೆ ಹಬ್ಬಕ್ಕೆ ಅಂತ ದಿನ ಗೊತ್ತು ಮಾಡಿರ್ತಿದ್ವಿ. ಮಾರನೆ ದಿನ ಹೊಲ ಕಾಯ್ತಿತ್ತು” ಅಂದರು ತಾತ. ಹುಡುಗ ಆಟವನ್ನು ಸೇವ್ ಮಾಡಿ ಕರಪತ್ರ ಕೈಗೆತ್ತಿಕೊಂಡ. “ನೀವು ಯಾವ ಪಾತ್ರ ತಾತ?”

“ಕರ್ಣ.”

ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥ ಕರಪತ್ರ ಇರಬಹುದು. ಇದ್ದರೆ ಬಿಸಾಡಬೇಡಿ, ಫೋಟೋ ತೆಗೆದು ನಮಗೆ ಕಳಿಸಿ. ಯಾರು ಯಾವ ಪಾತ್ರ, ಎಷ್ಟು ಹೊತ್ತಿಗೆ ಪರದೆ ಎದ್ದಿತು, ಎಷ್ಟು ಹೊತ್ತಿಗೆ ಮುಗಿಯಿತು ಅಂತ ಮನೆಯ ಹಿರಿಯರನ್ನು ಕೇಳಿ ಬರೆದಿಡಿ.