ಪ್ರಶ್ನೆಪತ್ರಿಕೆಯೊಂದಿಗೆ ಐವತ್ತು ವರ್ಷ

ಶಾಲೆಯ ಚರಿತ್ರೆ ಎಂದರೆ ಕಟ್ಟಡ, ದಾನಿಗಳು, ಮುಖ್ಯೋಪಾಧ್ಯಾಯರ ಪಟ್ಟಿ. ನಮ್ಮ ಪ್ರೌಢಶಾಲೆಯ ಚರಿತ್ರೆಯನ್ನು ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಗಳ ಮೂಲಕವೂ ಹೇಳಬಹುದು ಎನ್ನುವುದು ಇಲ್ಲಿಯೇ ಓದಿ, ಮುಂದೆ ಮೇಷ್ಟ್ರಾದ ನನ್ನ ಅನುಭವ.

ರಾಜ್ಯದ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ಸ್ಥಾಪನೆಯಾದದ್ದು 1966ರಲ್ಲಿ. ಬೆಂಗಳೂರಿನ ಮಕ್ಕಳಿಗೂ ಬಯಲುಸೀಮೆಯ ನಮಗೂ ಒಂದೇ ಪ್ರಶ್ನೆಪತ್ರಿಕೆ. ಬಿಟ್ಟ ಸ್ಥಳ ತುಂಬಿ, ಹೊಂದಿಸಿ ಬರೆಯಿರಿ, ಕಾರಣ ಕೊಡಿ, ಟಿಪ್ಪಣಿ ಬರೆಯಿರಿ: ಈ ಮಾತುಗಳು ನಮಗೆ ಮಂತ್ರದಂತೆ ಬಾಯಿಗೆ ಬಂದಿದ್ದವು.

ನಮ್ಮ ಗುರುಗಳು ಒಂದೊಂದು ವಿಷಯಕ್ಕೂ ಉತ್ತರದ ದಾರಿ ಹಾಕಿಕೊಟ್ಟಿದ್ದರು. ಕನ್ನಡದಲ್ಲಿ ಸಂದರ್ಭದ ಪ್ರಶ್ನೆ ಬಂದರೆ ಕವಿ, ಕೃತಿ, ಸಂದರ್ಭ, ಸ್ವಾರಸ್ಯ. ಪೈಥಾಗೊರಸನ ಪ್ರಮೇಯಕ್ಕೆ ಮೊದಲು ಚಿತ್ರ, ಆಮೇಲೆ ದತ್ತ, ಸಾಧನೀಯ, ರಚನೆ, ಸಾಧನೆ. ಸಾಧನೆಯಲ್ಲಿ ತೊಡಕಾದರೂ ಚಿತ್ರ ಮತ್ತು ದತ್ತ ಬಿಡಬಾರದು. ವಿಜ್ಞಾನದ ಸಮೀಕರಣದಲ್ಲಿ ಎಡಬಲದ ಪರಮಾಣುಗಳನ್ನು ಎಣಿಸಿಯೇ ಮುಂದೆ ಹೋಗಬೇಕು. ಸಹಾಯಕ ಸೈನ್ಯ ಪದ್ಧತಿ ಕೇಳಿದರೆ ವೆಲ್ಲೆಸ್ಲಿ, 1798 ಎಂದು ಆರಂಭಿಸಿ, ಇಂಗ್ಲಿಷರ ಸೈನ್ಯ ಇಟ್ಟುಕೊಳ್ಳುವುದು, ಅದರ ಖರ್ಚು ಭರಿಸುವುದು, ಆಸ್ಥಾನದಲ್ಲಿ ರೆಸಿಡೆಂಟ್ ಇರುವುದು ಎಂದು ಅಂಶಗಳನ್ನು ಬಿಡಿಬಿಡಿಯಾಗಿ ಬರೆಯಬೇಕು.

ಆದರೂ ಗೈಡಿನ ಬಾಯಿಪಾಠ ನಮ್ಮನ್ನು ಬಿಡಲಿಲ್ಲ. ನನ್ನ ಸಹಪಾಠಿಯೊಬ್ಬ ಸಮಾಜ ವಿಜ್ಞಾನದಲ್ಲಿ ಕೆಲವೇ ಅಂಕಗಳಿಂದ ನಪಾಸಾದ. ಪಶ್ಚಿಮ ಘಟ್ಟದ ಪೂರ್ವಕ್ಕೆ ಮಳೆ ಏಕೆ ಕಡಿಮೆ ಎಂಬ ಪ್ರಶ್ನೆಯನ್ನು ಅವನು ಖಾಲಿ ಬಿಟ್ಟಿದ್ದ. ಆಮೇಲೆ ಮೇಷ್ಟ್ರು ಕೇಳಿದಾಗ, "ಮೋಡ ಘಟ್ಟದಾಗೇ ಖಾಲಿ ಆಗ್ತಾವೆ ಸಾರ್, ನಮ್ ಕಡೀಗೆ ಬರೀ ಗಾಳಿ" ಎಂದ.

"ಅದನ್ನೇ ಬರೀಬಾರದಿತ್ತೇನೋ?"

"ಗೈಡಿನಾಗೆ ಹಂಗಿರ್ಲಿಲ್ಲ ಸಾರ್."

ಮೇಷ್ಟ್ರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮುಂದಿನ ವರ್ಷದಿಂದ ತರಗತಿಯಲ್ಲಿ ಮೊದಲು ನಮ್ಮ ಮಾತಿನಲ್ಲಿ ಉತ್ತರ ಹೇಳಿಸಿ, ಬಳಿಕ "ಮಳೆ ನೆರಳಿನ ಪ್ರದೇಶ" ಎಂಬ ಪುಸ್ತಕದ ಪದವನ್ನು ಸೇರಿಸಿ ಬರೆಸತೊಡಗಿದರಂತೆ. ನಾನು ಪಾಠ ಮಾಡಿದ್ದೂ ಹಾಗೆಯೇ. ಗೆಳೆಯ ಮಾತ್ರ ಮತ್ತೆ ಪರೀಕ್ಷೆಗೆ ಕೂರಲಿಲ್ಲ. ಹೊಲಕ್ಕೆ ಹೋದ.

ಕಾಲ ಬದಲಾಗಿದೆ. ಕೊರೊನಾದ 2021ರಲ್ಲಿ ಪರೀಕ್ಷೆ ಎರಡೇ ದಿನ ನಡೆಯಿತು, ದಿನಕ್ಕೆ ಮೂರು ವಿಷಯ, ಎಲ್ಲವೂ ಬಹು ಆಯ್ಕೆಯ ಪ್ರಶ್ನೆ. 2024ರಲ್ಲಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಬಂತು. ಆ ದಿನ ಇಂಥ ಅವಕಾಶವಿದ್ದಿದ್ದರೆ ನನ್ನ ಗೆಳೆಯ ಮತ್ತೊಮ್ಮೆ ಕೂರುತ್ತಿದ್ದನೇನೋ.

ಈ ಸಂಚಿಕೆಯಲ್ಲಿ ಹೆಚ್ಚು ಅಂಕ ಪಡೆದವರ ಹೆಸರುಗಳಿರುತ್ತವೆ, ಇರಬೇಕಾದ್ದೇ. ನಪಾಸಾದವರೂ ಈ ಶಾಲೆಯ ಮಕ್ಕಳೇ ಎಂಬುದನ್ನು ಮರೆಯದಿರೋಣ. ಇಂದು ಹತ್ತನೇ ತರಗತಿಯಲ್ಲಿರುವ ಮಕ್ಕಳಿಗೆ ನನ್ನ ಮಾತು ಇಷ್ಟೇ: ಪ್ರಶ್ನೆಯನ್ನು ಎರಡು ಸಲ ಓದಿ, ಗೊತ್ತಿರುವುದನ್ನು ನಿಮ್ಮ ಮಾತಿನಲ್ಲೇ ಆದರೂ ಬರೆಯಿರಿ. ಖಾಲಿ ಮಾತ್ರ ಬಿಡಬೇಡಿ.